ಮಕ್ಕಳು ಹೇಳದ ಮಾತು

ಜಯವಂತ ಮಾಸ್ತರರ ಚಿತ್ರಗಳು ಮಕ್ಕಳಿಗೆ ಹಿಡಿಸಲಿಲ್ಲವೆಂದು ನಾನು ಹೇಳಿದ್ದು ಸುಳ್ಳು. ಹಿಡಿಸಿದ್ದವು. ಎಷ್ಟು ಹಿಡಿಸಿದ್ದವೆಂಬುದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ — ಕಂಡು, ಅದನ್ನು ತಿರುವುಮುರುವು ಮಾಡಿ ಹೇಳಿದವಳೂ ನಾನೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದ ಒಂದು ಸಣ್ಣ ಪ್ರಕಾಶನದಲ್ಲಿ ನಾನು ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿದ್ದೆ. ಮಾಲೀಕರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಜಯವಂತ ಮಾಸ್ತರರು ಮಿಷನ್ ಶಾಲೆಯೊಂದರ ಚಿತ್ರಕಲಾ ಶಿಕ್ಷಕರು. ನಮ್ಮ ಪುಸ್ತಕಗಳಿಗೆಲ್ಲ ಚಿತ್ರ ಬರೆಯುತ್ತಿದ್ದವರು ಅವರೇ. ಅವರ ಚಿತ್ರದ ಎಮ್ಮೆಯ ಮೈಮೇಲೆ ಒಣಗಿದ ಕೆಸರಿರುತ್ತಿತ್ತು. ಅವರ ಅಜ್ಜಿ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ನಮಗೆ ಎರಡು ಬಣ್ಣಕ್ಕಿಂತ ಹೆಚ್ಚು ಅಚ್ಚುಹಾಕಿಸುವ ಶಕ್ತಿ ಇರಲಿಲ್ಲ. ಅವರು ಅಷ್ಟರಲ್ಲೇ ಬಿಸಿಲನ್ನೂ ತೋರಿಸುತ್ತಿದ್ದರು, ನೆರಳನ್ನೂ.

ಆ ಹೊತ್ತಿಗೆ ಪರದೇಶದ ದೊಡ್ಡ ಪ್ರಕಾಶನ ಸಂಸ್ಥೆಯೊಂದರ ಪ್ರತಿನಿಧಿ ದಿಲ್ಲಿಯಿಂದ ಬಂದ. ಅವರ ಮಕ್ಕಳ ಪುಸ್ತಕಗಳು ಎಲ್ಲ ದೇಶಗಳಿಗೂ ಒಂದೇ ಕಡೆ ಅಚ್ಚಾಗುತ್ತಿದ್ದವು. ಚಿತ್ರ ಎಲ್ಲರಿಗೂ ಅದೇ. ಅಕ್ಷರದ ಜಾಗ ಮಾತ್ರ ಖಾಲಿ. ಆ ಖಾಲಿ ಜಾಗದಲ್ಲಿ ಹಿಡಿಯುವಷ್ಟು ಕನ್ನಡ ತುಂಬಿಕೊಡುವುದು ನಮ್ಮ ಕೆಲಸ. ನುಣುಪು ಕಾಗದ, ಕಣ್ಣು ಕುಕ್ಕುವ ಬಣ್ಣ, ಬೆಲೆಯೂ ನಮ್ಮದಕ್ಕಿಂತ ಕಡಿಮೆ. ಹುಬ್ಬಳ್ಳಿಯ ಅಂಗಡಿಕಾರರು ಆಗಲೇ ನಮ್ಮ ಪುಸ್ತಕಗಳನ್ನು ಹಿಂದಕ್ಕೆ ಕಳಿಸತೊಡಗಿದ್ದರು. ಕಾಕಾ ಒಪ್ಪಿಕೊಂಡರು. ಇನ್ನು ಮೇಲೆ ಆ ಸಂಸ್ಥೆಯ ಚಿತ್ರಪುಸ್ತಕಗಳನ್ನು ಬಿಟ್ಟು ಬೇರೆಯದನ್ನು ನಾವು ತರುವಂತಿರಲಿಲ್ಲ. ನನ್ನನ್ನು ಪರದೇಶದ ಪುಸ್ತಕ ಮೇಳಕ್ಕೆ ಕರೆದೊಯ್ಯುವ ಮಾತೂ ಆಗಿತ್ತು — ಇದನ್ನೂ ಮುಚ್ಚಿಡಬಾರದು.

ಒಪ್ಪಂದಕ್ಕೆ ಸಹಿ ಬೀಳುವ ಮುಂಚೆ, ನನ್ನ ಸಮಾಧಾನಕ್ಕೆಂದು, ಎರಡೂ ಬಗೆಯ ಪುಸ್ತಕ ಹಿಡಿದು ನವನಗರದ ಒಂದು ಶಾಲೆಗೆ ಹೋದೆ. ಮಕ್ಕಳು ಮೊದಲು ಪರದೇಶದ್ದಕ್ಕೇ ಮುಗಿಬಿದ್ದರು. ಆ ನುಣುಪು ಹಾಳೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ಆಮೇಲೆ ಒಬ್ಬ ಹುಡುಗಿ ಮಾಸ್ತರರ ಪುಸ್ತಕ ತೆರೆದಳು.

"ಏ, ಇದು ನಮ್ಮ ಎಮ್ಮಿ ನೋಡ್ರಲೇ!"

"ನಿಮ್ದಲ್ಲ, ನಮ್ದು! ಕೋಡ ಸೊಟ್ಟ ಐತಿ ನೋಡು!"

ಎಳೆದಾಟದಲ್ಲಿ ಪುಸ್ತಕದ ರಟ್ಟೇ ಹರಿಯಿತು. ಪರದೇಶದ ಪುಸ್ತಕಗಳು ಬೆಂಚಿನ ಮೇಲೆ ಹಾಗೇ ಬಿದ್ದಿದ್ದವು.

ಬಂದು ಕಾಕಾಗೆ ಹೇಳಿದೆ. "ಖರೇ ಇರಬಹುದವಾ," ಎಂದರು. "ಆದ್ರ ಪುಸ್ತಕ ಕೊಳ್ಳೋರು ಹುಡುಗರಲ್ಲ, ಅವರ ಅಪ್ಪಗೋಳು. ಮಾಸ್ತರಗ ನೀನ ಹೇಳು. ನನಗ ಬಾಯಿ ಬರೂದಿಲ್ಲ."

ನಿಜ ಹೇಳಬಹುದಿತ್ತು. ಮಾರುಕಟ್ಟೆ ಹೀಗಾಗಿದೆ, ನಾವು ಸೋತೆವು, ನಿಮ್ಮ ಚಿತ್ರಕ್ಕೆ ಇನ್ನು ಜಾಗವಿಲ್ಲ — ಇಷ್ಟೇ. ಆದರೆ ಹಾಗೆಂದರೆ ಅವರನ್ನು ಬಿಟ್ಟುಕೊಟ್ಟವರು ನಾವಾಗುತ್ತಿದ್ದೆವು. ಮಕ್ಕಳ ಹೆಸರು ಹೇಳಿದರೆ ಯಾರ ತಪ್ಪೂ ಅಲ್ಲ...

"ಮಾಸ್ತರ, ಹುಡುಗರಿಗೆ ತೋರಿಸಿದೆ. ಅವರಿಗೆ ನಿಮ್ಮ ಚಿತ್ರ ಬ್ಯಾಡಂತ್ರಿ."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. "ಹುಡುಗರ ಹಂಗಂದ್ರೇನ್ರಿ, ಅಕ್ಕಾರ?"

"ಹೂಂ ರಿ."

"ಹಂಗಾದ್ರ ಮುಗೀತು ಬಿಡ್ರಿ. ಅವರು ಸುಳ್ಳ ಹೇಳೂದಿಲ್ಲ."

ನಾನು ಮೇಳಕ್ಕೆ ಹೋದೆ. ಅಲ್ಲಿ ಒಂದೇ ನರಿ, ಒಂದೇ ಹಿಮದ ಮನೆ, ಹೆಸರೂ ತಿಳಿಯದ ಲಿಪಿಗಳಲ್ಲಿ ಸಾಲಾಗಿ ನಿಂತಿದ್ದವು. ನಡುವೆ ನಮ್ಮ ಕನ್ನಡವೂ ಇತ್ತು. ಹೆಮ್ಮೆಪಟ್ಟೆ. ಸುಳ್ಳಾಡಿ ಏನು ಪ್ರಯೋಜನ — ನಿಜವಾಗಿಯೂ ಹೆಮ್ಮೆಪಟ್ಟೆ.

ಕೆಲವು ವರ್ಷಗಳಾದ ಮೇಲೆ ಮಾಸ್ತರರ ಶಾಲೆಯಲ್ಲಿ ಚಿತ್ರಕಲಾ ಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಬೇಕಾಯಿತು. ಗೋಡೆಯ ತುಂಬ ಮಕ್ಕಳ ಚಿತ್ರಗಳು. ಹಿಮ ಹೊತ್ತ ಚಾವಣಿ, ಚೂಪು ತುದಿಯ ಮರ, ತಟ್ಟೆಯಗಲ ಕಣ್ಣಿನ ನರಿ. ಹಿಮವನ್ನೇ ಕಾಣದ ಮಕ್ಕಳು ಬರೆದ ಹಿಮ! ಮೊದಲು ಅರ್ಥವಾಗಲಿಲ್ಲ. ಆಮೇಲೆ ಮಾಸ್ತರರು ತಮ್ಮ ಹಾಳೆಗಳನ್ನು ತಂದು ತೋರಿಸಿದರು. ನಾವು ಹೊರತಂದ ಆ ಪುಸ್ತಕಗಳನ್ನೇ ಕೊಂಡು, ಅವುಗಳನ್ನು ಎದುರಿಗಿಟ್ಟುಕೊಂಡು, ಆ ವಯಸ್ಸಿನಲ್ಲಿ ಹೊಸದಾಗಿ ಕೈ ತಿದ್ದಿದ್ದರು; ಅದನ್ನೇ ಮಕ್ಕಳಿಗೂ ಕಲಿಸಿದ್ದರು.

"ಈಗ ಸ್ವಲ್ಪ ಬರತೈತ್ರಿ, ಅಕ್ಕಾರ. ಹುಡುಗರಿಗೆ ಬೇಕಾದ್ದು ನಾ ಕಲೀಬೇಕಲ್ರಿ. ತಡಾ ಆತು, ಅಷ್ಟ."

ಹೇಳಲು ಅದೊಂದು ಅವಕಾಶವಿತ್ತು. "ಛಲೋ ಬಂದಾವ್ರಿ," ಎಂದೆ. ಮೊದಲ ಸುಳ್ಳಿಗಿಂತ ಇದು ಕೀಳು. ಮೊದಲನೆಯದನ್ನು ಹೆದರಿ ಆಡಿದ್ದೆ. ಇದನ್ನು ಆಡುವಾಗ ನನಗೆ ಎಲ್ಲವೂ ಗೊತ್ತಿತ್ತು.

ಆ ಸಂಸ್ಥೆ ಮುಂದೆ ಕನ್ನಡವನ್ನು ಕೈಬಿಟ್ಟಿತು. ಕನ್ನಡದಲ್ಲಿ ಮಾರಾಟ ಸಾಲದು ಎಂದು ಎಲ್ಲೋ ಕೂತವರು ತೀರ್ಮಾನಿಸಿದರಂತೆ, ನಮ್ಮನ್ನು ಕೇಳಲಿಲ್ಲ. ಹಳೆಯದಕ್ಕೆ ಮರಳೋಣವೆಂದರೆ ಹಳೆಯದು ಎಲ್ಲಿತ್ತು? ಕಾಕಾ ಪರೀಕ್ಷೆಯ ಗೈಡುಗಳನ್ನು ಅಚ್ಚುಹಾಕತೊಡಗಿದರು. ನಾನು ಕೆಲಸ ಬಿಟ್ಟೆ.

ಮಾಸ್ತರರು ನಿವೃತ್ತರಾಗಿ ಬೈರಿದೇವರಕೊಪ್ಪದಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊನ್ನೆ ಹೋಗಿ ಎಲ್ಲವನ್ನೂ ಹೇಳಿದೆ. ನವನಗರದ ಶಾಲೆ, ಆ ಹುಡುಗಿ, ಜಗಳ — ಒಂದನ್ನೂ ಬಿಡಲಿಲ್ಲ.

"ಜಗಳಾಡಿದ್ರಾ? ಎಮ್ಮಿ ಸಲುವಾಗಿ?" ಎಂದು ಕೇಳಿದರು. ಒಂದು ಗಳಿಗೆ ಮುಖ ಅರಳಿತು. ಅದನ್ನು ನೋಡುವುದೇ ನನಗೆ ಕಷ್ಟವಾಯಿತು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಆವಾಗ ಹೇಳಬೇಕಿತ್ರಿ, ಅಕ್ಕಾರ. ಎಮ್ಮಿ ಬರೀತಿದ್ದ ಆ ಕೈ ನಾನ ಬಿಡಿಸಿ ಒಗದೆ. ಈಗ ಕರದ್ರ ಬರೂದಿಲ್ಲದು."

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು. ತಿರುಗಿ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಬಂದೆ.