ಗಟಾರದ ಮೇಲಿನ ಚಪ್ಪಡಿ

ನಾನು ಪುರಾತತ್ವದವಳು ಎಂದು ತಿಳಿದ ಕೂಡಲೇ ಜನರ ಕಣ್ಣು ಅರಳುತ್ತದೆ. ಡೊಂಬಿವಲಿಯಿಂದ ಬೆಳಿಗ್ಗೆ ನಾನು ಹತ್ತುವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಗೆಳತಿಯರೂ ಮೊದಮೊದಲು ಹಾಗೆಯೇ ಇದ್ದರು. ನಾನು ದಿನವೂ ಹಗ್ಗ ಕಟ್ಟಿಕೊಂಡು ಯಾವುದೋ ಸುರಂಗಕ್ಕೆ ಇಳಿಯುತ್ತೇನೆ ಎಂದೇ ಅವರ ನಂಬಿಕೆ. ಸಂಜೆ ಸಿಕ್ಕಾಗ "ಆಜ್ ಕ್ಯಾ ನಿಕಲಾ?" ಎಂದು, ಇವತ್ತು ನೆಲದಿಂದ ಏನು ಸಿಕ್ಕಿತೆಂದು ಕೇಳುತ್ತಿದ್ದರು. ಮಡಕೆ ಚೂರು ಎನ್ನುತ್ತಿದ್ದೆ. ಮರುದಿನ ಕೇಳಿದರೂ ಮಡಕೆ ಚೂರೇ. ಹಲ್ಲುಜ್ಜುವ ಬ್ರಶ್ಶಿನಿಂದ ಅವನ್ನು ತೊಳೆದು, ಒಣಗಿಸಿ, ಚಿತ್ರ ಬರೆದು ಚೀಲಕ್ಕೆ ತುಂಬುತ್ತೇವೆ ಎಂದು ವಿವರಿಸಿದಾಗ ಒಬ್ಬಳು, "ಅಯ್ಯೋ, ಇದು ನಮ್ಮ ಮನೆಕೆಲಸಕ್ಕಿಂತ ಕಡೆ!" ಎಂದು ನಕ್ಕಿದ್ದಳು.

ನಮ್ಮವರೂ ಸಾಹಸದ ಕತೆ ಹೇಳುವುದರಲ್ಲಿ ಹಿಂದೆ ಬಿದ್ದವರಲ್ಲ. ನನಗೆ ಈ ವಿದ್ಯೆ ಕಲಿಸಿದ ಗುರುಗಳು ಉತ್ಖನನದ ಬಿಡಾರದಲ್ಲಿ ಚಹಾ ಕುಡಿಯುತ್ತ, ಚಿರತೆಯ ಎದುರು ಕದಲದೆ ನಿಂತ ಪ್ರಸಂಗ ಹೇಳುತ್ತಿದ್ದರು. ವರ್ಷ ಕಳೆದಂತೆ ಚಿರತೆ ದೊಡ್ಡದಾಗುತ್ತ ಹೋಯಿತು. ಕೊನೆಗೊಮ್ಮೆ ಅವರ ಹೆಂಡತಿಯೇ ನನ್ನನ್ನು ಅಡುಗೆಮನೆಗೆ ಕರೆದು, "ಅದು ಕಾಡುಬೆಕ್ಕು ಕಣೆ, ಇವರು ನಿಂತದ್ದು ಜೀಪಿನ ಒಳಗೆ" ಎಂದರು. ಅಂಥ ಕತೆ ಕೂಡ ನನ್ನ ಹತ್ತಿರ ಇರಲಿಲ್ಲ. ಸೀವುಡ್ಸ್‌ನ ಆ ಬೆಳಗಿನವರೆಗೆ.

ಬದಲಾಪುರದಿಂದ ಸೀಟು ಹಿಡಿದುಕೊಂಡು ಬರುವ ಗೆಳತಿಯೊಬ್ಬಳು ಸೀವುಡ್ಸ್ ಹತ್ತಿರದ ಆಫೀಸಿನಲ್ಲಿದ್ದಾಳೆ. ಸ್ಟೇಶನ್ನಿನಿಂದ ಆಫೀಸಿಗೆ ಹೋಗುವ ಅವಳ ಒಳದಾರಿ ಒಂದು ಹಳೆಯ ಊರಿನ ನಡುವೆ ಹಾಯುತ್ತದೆ. ಸುತ್ತ ಗಾಜಿನ ಟವರುಗಳು, ಮಧ್ಯೆ ಅಲ್ಲಿನ ಮೂಲದವರಾದ ಆಗ್ರಿ ಜನರ ಗಿಜಿಗುಡುವ ಗಲ್ಲಿಗಳು. "ಕಲ್ಲಿನ ಮೇಲೆ ಸೂರ್ಯಚಂದ್ರ ಕಂಡರೆ ಅದು ಹಳೆಯ ಶಾಸನದ ಗುರುತು, ಎಲ್ಲೇ ಇರಲಿ ನನಗೆ ಫೋನ್ ಮಾಡಿ" ಎಂದು ಡಬ್ಬಿಯಲ್ಲಿ ನಾನು ಎಲ್ಲರಿಗೂ ಹೇಳಿಟ್ಟಿದ್ದೆ. ಆ ದಿನ ಥಾಣೆಯ ಕಾಲೇಜಿನಲ್ಲಿ ಪಾಠಕ್ಕೆ ಹೊರಟಿದ್ದಾಗ ಅವಳ ಫೋಟೋ ಬಂತು. ಗಲ್ಲಿಯ ಗಟಾರ ಹೊಸದಾಗಿ ಕಟ್ಟಲು ಹಳೆಯ ಚಪ್ಪಡಿಗಳನ್ನು ಒಡೆಯುತ್ತಿದ್ದರು. ಒಂದನ್ನು ತೆಗೆದಾಗ ಪಕ್ಕದ್ದರ ಅಡಿಭಾಗ ಕಂಡಿತ್ತು. ಅವಳು ಓಢಣಿ ಸೊಂಟಕ್ಕೆ ಸಿಕ್ಕಿಸಿ, ಫೋನನ್ನು ಗಟಾರದೊಳಕ್ಕೆ ಚಾಚಿ ಫೋಟೋ ತೆಗೆದಿದ್ದಳು. ಕೆಸರಿನ ನಡುವೆ ಒಂದು ದುಂಡನೆಯ ಸೂರ್ಯ, ಪಕ್ಕದಲ್ಲಿ ಚಂದ್ರನ ಕೊಂಬು.

"ಬೇಗ ಬಾ, ಕಲ್ಲೊಡೆಯುವ ಬ್ರೇಕರ್ ಹತ್ತಿರ ಬಂದಿದೆ" ಎಂದು ಫೋನಿನಲ್ಲಿ ಹೇಳಿದಳು. ನಾನು ಪನ್ವೇಲ್ ಕಡೆಯ ಗಾಡಿಗೆ ಓಡಿದೆ. ದಾರಿಯಲ್ಲಿ ಸರಕಾರದ ಪುರಾತತ್ವ ಕಚೇರಿಗೆ ಫೋನ್ ಹಚ್ಚಿದೆ. ಅರ್ಜಿ ಕೊಡಿ, ಸೋಮವಾರ ನೋಡೋಣ ಎಂದು ಉತ್ತರ ಬಂತು.

ಗಲ್ಲಿಗೆ ಮುಟ್ಟುವಾಗ ಬ್ರೇಕರಿನ ಸದ್ದಿಗೆ ಕಿವಿ ಕಿತ್ತುಹೋಗುವಂತಿತ್ತು. ಸೈಟಿನ ಎಂಜಿನಿಯರ್ ಹಳದಿ ಹೆಲ್ಮೆಟ್ ಸರಿಮಾಡಿಕೊಳ್ಳುತ್ತ, "ಮೇಡಂ, ಪರ್ಮಿಶನ್ ಹೈ ಕ್ಯಾ?" ಎಂದ. ಇರಲಿಲ್ಲ. ಬ್ರೇಕರ್ ಸೂರ್ಯಚಂದ್ರರಿದ್ದ ಚಪ್ಪಡಿಗೇ ತಿರುಗಿತು. ಮುಂದೆ ಏನು ಮಾಡಬೇಕೆಂದು ತೋಚಲಿಲ್ಲ. ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ, ಕೈಚೀಲ ಮಡಿಲಲ್ಲಿಟ್ಟುಕೊಂಡು ಆ ಚಪ್ಪಡಿಯ ಮೇಲೆ ಕೂತುಬಿಟ್ಟೆ.

ಮಷೀನು ನಿಂತಿತು. ಎಂಜಿನಿಯರ್ ಏನೇನೋ ಕೂಗಿದ. ಮಣ್ಣು ಎತ್ತುತ್ತಿದ್ದ ಹೆಂಗಸರಲ್ಲೊಬ್ಬಳು ಪಕ್ಕದವಳಿಗೆ ಹೇಳಿದಳು: "ಈಕಿಗಿ ತಲಿ ಕೆಟ್ಟೈತಿ ನೋಡವ್ವ."

ನನಗೆ ನಗು ಬಂತು. "ತಲೆ ಸರಿಯೇ ಉಂಟು ಮಾರಾಯ್ತಿ, ಕಲ್ಲು ಹಾಳಾಗಬಾರದು ಅಂತ ಕೂತದ್ದು" ಎಂದೆ.

ಅವಳ ಕೈಯ ಬುಟ್ಟಿ ಅಲ್ಲೇ ನಿಂತಿತು. "ಅಯ್ಯ ಶಿವನ! ಕನ್ನಡದಾಕಿ!" ಅವಳು ವಿಜಯಪುರ ಕಡೆಯವಳು, ಆ ಕೂಲಿಗುಂಪಿನ ಮುಖಂಡೆ. ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ದನಿ ತಗ್ಗಿಸಿ, "ಕೆಳಗ ಬಂಗಾರ ಐತೇನ್ರಿ ಅಕ್ಕಾರ?" ಎಂದಳು.

"ಬಂಗಾರ ಇಲ್ಲ. ಬರಹ ಇರಬಹುದು. ಒಡೆಯದೆ ಎತ್ತಲಿಕ್ಕೆ ಆಗ್ತದಾ?"

ಅವಳು ಕಲ್ಲನ್ನು ಒಮ್ಮೆ ನೋಡಿದಳು, ಎಂಜಿನಿಯರನನ್ನು ಒಮ್ಮೆ ನೋಡಿದಳು. ಎದ್ದು ನಿಂತು ಹಿಂದಿಯಲ್ಲಿ ಅವನಿಗೆ ಹೇಳಿಯೇಬಿಟ್ಟಳು: ಒಡೆದರೆ ಚೂರು ಹೊರುವವರು ನಾವೇ, ಇಡಿಯಾಗಿ ಎತ್ತಿ ಬದಿಗಿಟ್ಟರೆ ನಿಮಗೇನು ನಷ್ಟ? ಅವನು ವಾಚ್ ನೋಡಿಕೊಂಡ. "ಊಟದ ಟೈಮಿನೊಳಗೆ ಆಗಬೇಕು" ಎಂದ.

ಹಗ್ಗ ತರುವಷ್ಟರಲ್ಲಿ ಇನ್ನೊಂದು ಅಡ್ಡಿ ಎದುರಾಯಿತು. ಎದುರುಮನೆಯ ಅಜ್ಜಿ, ಊರಿಗೇ ಹಿರಿಯಳಾದ ಆಗ್ರಿ ಹೆಂಗಸು, ಮೆಟ್ಟಿಲಿಳಿದು ಬಂದು, "ತ್ಯಾ ದಗಡಾಲಾ ಹಾತ ಲಾವೂ ನಕಾ!" ಎಂದು ಕೈ ಅಡ್ಡ ಹಿಡಿದಳು. ಆ ಕಲ್ಲನ್ನು ಮುಟ್ಟಬೇಡಿ, ಮಗುಚಿದವರ ವಂಶಕ್ಕೆ ಶಾಪ ಎಂದು ಅವಳ ಅತ್ತೆ ಹೇಳಿದ್ದರಂತೆ. ಕೂಲಿಯವರು ಹಗ್ಗ ಕೆಳಗಿಟ್ಟರು.

ನಾನು ಅಜ್ಜಿಯ ಕೈ ಹಿಡಿದು ಮರಾಠಿಯಲ್ಲಿ ಹೇಳಿದೆ. "ಆಯಿ, ನಿಮ್ಮ ಅತ್ತೆ ಹೇಳಿದ್ದು ಸುಳ್ಳಲ್ಲ. ಇದು ಗಧೇಗಾಳ ಇರಬೇಕು, ಶಾಪದ ಕಲ್ಲೇ. ಹಿಂದೆ ಶಿಲಾಹಾರ ಅರಸರ ಕಾಲದಲ್ಲಿ ಭೂಮಿ ದಾನ ಕೊಟ್ಟಾಗ ಇಂಥ ಕಲ್ಲು ನೆಡುತ್ತಿದ್ದರು. ಆ ಭೂಮಿಯನ್ನು ಕಿತ್ತುಕೊಂಡವರಿಗೆ ಶಾಪ, ಕತ್ತೆಯಿಂದ ಅವರ ಮನೆ ಹೆಣ್ಣಿನ ಮಾನ ಹೋಗಲಿ ಅಂತ. ಕಲ್ಲು ಮುಟ್ಟಿದವರಿಗೆ ಅಲ್ಲ."

ಅಜ್ಜಿ ಸುತ್ತಲಿನ ಟವರುಗಳತ್ತ ಕಣ್ಣು ಹಾಯಿಸಿದಳು. ಆ ಜಾಗದಲ್ಲೆಲ್ಲ ಒಮ್ಮೆ ಅವರ ಭತ್ತದ ಗದ್ದೆಗಳಿದ್ದವು. "ಭೂಮಿ ಕಿತ್ತುಕೊಂಡವರಿಗಾ?" ಎಂದು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡು, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಹಾಗಾದರೆ ನಮಗೇನು ಹೆದರಿಕೆ! ಉಲಟಾ, ಮಗುಚಿಬಿಡಿ!" ತಾನೇ ಒಳಗೆ ಹೋಗಿ ಅರಿಶಿನ ಕುಂಕುಮ ತಂದು ಕಲ್ಲಿನ ಅಂಚಿಗೆ ಹಚ್ಚಿದಳು.

ಮುಖಂಡೆ ಸೊಂಟಕ್ಕೆ ಸೆರಗು ಬಿಗಿದು ದನಿ ಕೊಟ್ಟಳು. ಉಳಿದವರು ಅದಕ್ಕೆ ದನಿಗೂಡಿಸಿ ಹಗ್ಗ ಜಗ್ಗಿದರು. ನಾನೂ ಜಗ್ಗಿದೆ, ನನ್ನ ಗೆಳತಿ ಆಫೀಸು ಮರೆತು ಜಗ್ಗಿದಳು, ಕೊನೆಗೆ ಎಂಜಿನಿಯರನೂ ಹೆಲ್ಮೆಟ್ ತೆಗೆದಿಟ್ಟು ಕೈಹಾಕಿದ. ಕಲ್ಲು ಮೊದಲು ಮಿಸುಕಲಿಲ್ಲ. ಆಮೇಲೆ ಒಮ್ಮೆಲೇ ಎದ್ದಿತು. ಮರಳಿನ ಗೋಣಿಗಳ ಮೇಲೆ ಅದನ್ನು ಮೆಲ್ಲಗೆ ಮಗುಚಿ ಮಲಗಿಸಿದೆವು.

ಮೇಲೆಲ್ಲ ಕಪ್ಪು ರಾಡಿ. ಅಜ್ಜಿಯ ಮನೆಯ ಬಕೆಟ್ಟಿನಲ್ಲಿ ನೀರು ತಂದು, ಕೈಚೀಲದಲ್ಲಿದ್ದ ಬ್ರಶ್ಶಿನಿಂದ ಮೇಲಿನಿಂದ ತೊಳೆಯತೊಡಗಿದೆ. ಸೂರ್ಯ ಬಂದ, ಚಂದ್ರ ಬಂದ. ಕೆಳತುದಿಯಲ್ಲಿ ಕತ್ತೆಯ ಚಿತ್ರ ಕಂಡಾಗ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ಅದು ಸಭ್ಯವಾದ ಚಿತ್ರವಲ್ಲ. ಆಮೇಲೆ ನಡುವಿನ ಜಾಗದಲ್ಲಿ ನೀರು ಗೆರೆಗಳಲ್ಲಿ ನಿಂತಿತು. ಅಕ್ಷರಗಳು! ಕಲ್ಲು ಮಗುಚಿ ಬಿದ್ದಿತ್ತಲ್ಲ, ಜನ ತುಳಿದದ್ದೆಲ್ಲ ಬೆನ್ನನ್ನು. ಮುಖಕ್ಕೆ ಹೆಚ್ಚೇನೂ ಆಗಿರಲಿಲ್ಲ.

ಹಳೆಯ ನಾಗರಿ ಲಿಪಿ. ಕಾಲ ಸೂಚಿಸುವ ಸಾಲಿನ ಒಂದು ಮೂಲೆ ಚಕ್ಕೆ ಎದ್ದಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಹೋದೆ. ದಾನ ಎಂಬ ಮಾತಿನ ಹಿಂದೆ ಒಂದು ಊರಿನ ಹೆಸರಿತ್ತು. ಗಟ್ಟಿಯಾಗಿ ಓದಿದೆ. ಅದು ನಾವು ನಿಂತಿದ್ದ ಊರಿನದೇ ಹೆಸರು. ಕೊನೆಯ ಸ್ವರವೊಂದು ಮಾತ್ರ ಬೇರೆ.

ಅಜ್ಜಿ ಅದನ್ನು ತನ್ನ ಬಾಯಲ್ಲಿ ಹೇಳಿ ನೋಡಿದಳು. ಇನ್ನೊಮ್ಮೆ ಹೇಳಿದಳು. "ಊರಿನ ಹೆಸರು ಹೇಳಿದರೆ ಸೆಕ್ಟರ್ ನಂಬರ್ ಹೇಳಿ ಅಂತಾರೆ ನಮಗೆ," ಎಂದಳು, "ನಮ್ಮೂರಿನ ಹೆಸರು ರಾಜನೇ ಬರೆಸಿದ್ದಾನೆ!" ಯಾರೋ ಶಿಳ್ಳೆ ಹಾಕಿದರು. ಬಾಲ್ಕನಿಗಳಿಂದ ಜನ ಚಪ್ಪಾಳೆ ತಟ್ಟಿದರು. ಎಂಜಿನಿಯರ್ ಮೇಲಿನವರಿಗೆ ಫೋನ್ ಮಾಡಿ, ಇಲ್ಲಿ ಬಹಳ ದೊಡ್ಡದೇನೋ ಸಿಕ್ಕಿದೆ ಎನ್ನುತ್ತಿದ್ದ, ತಾನೇ ಹುಡುಕಿದವನಂತೆ. ಕೆಸರಾದ ಸೀರೆಯಲ್ಲಿ ನಾನು ನನ್ನ ಗೆಳತಿಯನ್ನು ತಬ್ಬಿಕೊಂಡೆ. ಎಷ್ಟೋ ವರ್ಷದ ಮಡಕೆ ಚೂರುಗಳು ಆ ಕ್ಷಣಕ್ಕೆ ಹಗುರಾದವು.

ಮುಖಂಡೆ ಹಗ್ಗ ಸುತ್ತುತ್ತ ಹೇಳಿದಳು: "ನಮ್ಮೂರ ಗುಡಿ ಮುಂದೂ ಒಂದು ಚಪ್ಪಡಿ ಐತ್ರಿ. ಅದರ ಮ್ಯಾಲ ಕುಂತು ಗಂಡಸರು ಇಸ್ಪೀಟ್ ಆಡ್ತಾರ. ಈ ಸಲ ಹೋದಾಗ ಅವರ್ನ ಎಬ್ಬಿಸಿ ತಿರುಗಿಸೇ ನೋಡ್ತೀನಿ."

ನಂತರದ್ದು ನಮ್ಮ ನಿಜವಾದ ಕೆಲಸ. ಕಾಗದದ ಮೇಲೆ ಬರಹದ ಅಚ್ಚು ತೆಗೆದು, ಓದಿ, ತಿದ್ದಿ, ಕಚೇರಿಯಿಂದ ಕಚೇರಿಗೆ ಅಲೆದು ತಿಂಗಳುಗಳು ಹೋದವು. ಕೊನೆಗೆ ಕಲ್ಲು ಊರಲ್ಲೇ ಉಳಿಯಿತು. ಶಾಲೆಯ ಎದುರು ಕಟ್ಟೆ ಕಟ್ಟಿ, ಡೋಲು ಬಾರಿಸಿ ಅದನ್ನು ನಿಲ್ಲಿಸಿದರು. ಡಬ್ಬಿಯ ಗೆಳತಿಯರೆಲ್ಲ ರಜೆ ಹಾಕಿ ಬಂದಿದ್ದರು. ಈಚೆಗೆ ಆ ಕಡೆ ಹೋದಾಗ ಅಜ್ಜಿ ಟವರಿನಿಂದ ಬಂದವರಿಗೆ ಕಲ್ಲು ತೋರಿಸುತ್ತಿದ್ದಳು. ಬ್ರೇಕರ್ ಕಲ್ಲಿಗೆ ತಾಗಿದ್ದೇ ತಡ ಬೆಂಕಿಯ ಕಿಡಿ ಹಾರಿತಂತೆ, ಮಷೀನು ಸುಟ್ಟೇ ಹೋಯಿತಂತೆ. ನನ್ನನ್ನು ಕಂಡು, "ಇವಳೇ ನೋಡಿ, ಕಣ್ಣಾರೆ ಕಂಡವಳು!" ಎಂದಳು.

"ಕಿಡಿ ಹಾರಲಿಲ್ಲ," ಎಂದೆ ನಾನು. "ನಾನು ಅದರ ಮೇಲೆ ಕೂತೆ, ಅಷ್ಟೆ." ಬಂದವರಿಗೆ ಅದೇ ಹೆಚ್ಚು ಹಿಡಿಸಿತು. ಎಲ್ಲಿ ಕೂತಿರಿ, ಹೇಗೆ ಕೂತಿರಿ ಎಂದು ಕೇಳುತ್ತ ನನ್ನನ್ನು ಆ ಗಲ್ಲಿಗೇ ಕರೆದುಕೊಂಡು ಹೋದರು.