ಅವ್ವನ ಅಳತೆ ಜಂಪರು

ನನ್ನ ಕಪಾಟಿನ ಮೂಲೆಯಲ್ಲಿ ಯಾರೂ ತೊಡದ ಹಸಿರು ಖಣದ ಜಂಪರೊಂದಿದೆ, ಅಂದರೆ ರವಿಕೆ. ನಗಬೇಡಿ, ನಮ್ಮ ಲಕ್ಷ್ಮೇಶ್ವರದ ಕಡೆ ಅಂಥದೊಂದಕ್ಕೆ ದೊಡ್ಡ ಅಧಿಕಾರವಿತ್ತು. ಹೆಣ್ಣುಮಕ್ಕಳು ಟೇಲರನ ಟೇಪಿನ ಮುಂದೆ ನಿಲ್ಲುತ್ತಿರಲಿಲ್ಲ. ಮೈಗೆ ಒಪ್ಪಿದ ಹಳೆಯದೊಂದನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟು, "ಇದರಂಗ ಹೊಲೀರಿ" ಅಂದರೆ ಮುಗಿಯಿತು. ಅದೇ ಅಳತೆ ಜಂಪರು. ಹುಸೇನಸಾಬ ಮಾಸ್ತರರು ನಮ್ಮವ್ವನಿಗೆ ಜೀವನವಿಡೀ ಹೊಲಿದದ್ದು ಹೀಗೆಯೇ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಮದುವೆಯಾಗಿ ಬೆಟಗೇರಿಗೆ ಬಂದಿದ್ದ ನನಗೆ ಅವ್ವ ಹೇಳಿಕಳಿಸುತ್ತಿದ್ದಳು: "ಧಾರವಾಡದಾಗಿದ್ದ ಜಿಲ್ಲಾನ ಸಮೀಪ ಬಂತು, ನೀ ಯಾವಾಗ ಬರ್ತೀಯವಾ?" ನಾನೋ ನೆಪಗಳ ಒಡತಿ, ಮನೆಗೆಲಸ, ಮಗಳ ಸಾಲಿ ಎಂದು ವರ್ಷಕ್ಕೆ ಮೂರು ಸಲ ಹೋದರೆ ಹೆಚ್ಚು. ಆ ವರ್ಷ ನಾಗರಪಂಚಮಿಗೆ ಹೋದಾಗ ಅವ್ವನ ಮುಖ ಇಳಿದಿತ್ತು, ಆದರೆ ಹಬ್ಬಕ್ಕೆಂದೇ ತೊಡುವ ಹಸಿರು ಜಂಪರು ಮೈಗೆ ಚೆಂದಾಗಿ ಕೂತಿತ್ತು. "ಸೊರಗಿಲ್ಲ ಬಿಡಬೇ, ಜಂಪರ ಹೆಂಗ ಕುಂತೈತಿ ನೋಡು" ಎಂದು ಅವಳಿಗೇ ಧೈರ್ಯ ಹೇಳಿ, ಉಂಡಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ದೀಪಾವಳಿಗೆ ಅವ್ವ ಇರಲಿಲ್ಲ.

ಹೆತ್ತವ್ವ ಸವೆಯುತ್ತಿದ್ದದ್ದು ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ? ಈ ಪ್ರಶ್ನೆ ನನ್ನನ್ನು ಉಣ್ಣಲು ಬಿಡಲಿಲ್ಲ, ಮಲಗಲು ಬಿಡಲಿಲ್ಲ.

ಅವ್ವ ದೀಪಾವಳಿಗೆಂದು ಹೊಲಿಯಲು ಕೊಟ್ಟ ಹೊಸ ಖಣ ಮತ್ತು ಅಳತೆಗೆ ಕೊಟ್ಟ ಆ ಹಸಿರು ಜಂಪರು ಅಂಗಡಿಯಲ್ಲೇ ಉಳಿದಿವೆಯೆಂದು ಮಾಸ್ತರರಿಂದ ಖಬರು ಬಂದರೂ ಯುಗಾದಿಯವರೆಗೆ ಹೋಗುವ ಧೈರ್ಯವಾಗಲಿಲ್ಲ. ಹೋದಾಗ ಅವರು ಎರಡನ್ನೂ ಮುಂದಿಟ್ಟು, "ಯಾರ ಅಳತಿಗೆ ಹೊಲೀಲಿ, ತಂಗೀ?" ಅಂದರು. ಎಲಾ ಇವರ, ಸತ್ತವಳಿಗೆ ಹೊಲಿಯುತ್ತಾರೆಯೆ ಎಂದು ಸಿಟ್ಟು ಬಂತು. ಆದರೆ 'ನನ್ನ ಅಳತಿಗೆ' ಅನ್ನಲು ನಾಲಿಗೆ ಏಳಲಿಲ್ಲ. ಹಾಗಂದರೆ ಅವ್ವ ಖರೇನೇ ಹೋದಂತೆ. ಜಂಪರನ್ನು ಕೈಗೆತ್ತಿಕೊಂಡು ತಿರುವಿದೆ. ಒಳಮಗ್ಗುಲಲ್ಲಿ ಒಂದರ ಪಕ್ಕ ಒಂದು, ಮೂರು ಸಾಲು ಹೊಲಿಗೆ.

"ನೀ ಊರಿಗೆ ಬರೂಕಿಂತ ಮೊದಲ, ಪ್ರತಿ ಸಲ ಬಂದು ಬಿಗಿ ಮಾಡಿಸ್ಕೊಂಡು ಹೋದ್ರು ನಿಮ್ಮವ್ವಾರು," ಮಾಸ್ತರರು ತಲೆ ತಗ್ಗಿಸಿದರು. "'ಢಿಲ್ಲಾ ಕಂಡ್ರ ಮಗಳು ಅಂಜತಾಳ, ಯಾರಿಗೂ ಹೇಳಬ್ಯಾಡ್ರಿ' ಅಂದ್ರು. ಮಾತು ಕೊಟ್ಟುಬಿಟ್ಟೆ. ತಪ್ಪಾತು ತಂಗೀ."

ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತೆ. ನನ್ನ ಕಣ್ಣು ಕುರುಡಾಗಿರಲಿಲ್ಲ, ಅವಳೇ ಅದನ್ನು ಮುಚ್ಚಿದ್ದಳು. ಪ್ರೀತಿ ಇಂಥ ಮೋಸವನ್ನೂ ಮಾಡುತ್ತದೆ, ಓದುಗ ಮಿತ್ರರೇ, ಮತ್ತು ಆ ಮೋಸಕ್ಕೆ ಜಗಳವಾಡೋಣವೆಂದರೆ ಎದುರಿಗೆ ಆಳಿರುವುದಿಲ್ಲ.

ಮನೆಗೆ ಬಂದು ಪಿನ್ನಿನಿಂದ ಮೂರೂ ಸಾಲು ಬಿಚ್ಚಿದೆ. ಬಿಸಿಲು ಕಾಣದೆ ಉಳಿದಿದ್ದ ಕಡುಹಸಿರು ಹೊರಬಿತ್ತು. ತೊಟ್ಟೆ. ಹೇಳಿ ಮಾಡಿಸಿದಂತೆ ಕೂತಿತೆಂದು ಕಥೆ ಕಟ್ಟಲಾರೆ, ದೊಗಳೆಯಾಯಿತು. ನಮ್ಮವ್ವ ತುಂಬು ಮೈಯವಳು, ಅದನ್ನೇ ನಾನು ಮರೆತಿದ್ದೆ.

ಮರುವಾರ ಹೋಗಿ ಮಾಸ್ತರರಿಗೆ ನನ್ನದೊಂದು ಜಂಪರು ಕೊಟ್ಟೆ. "ನನ್ನ ಅಳತಿಗೇ ಹೊಲೀರಿ. ಆದರ ಮುಂದ ನಾ ಬಿಗಿ ಮಾಡಿಸಾಕ ಬಂದ್ರ, ನನ್ನ ಮಗಳಿಗೆ ಖಬರ ಕೊಡ್ರಿ."

"ಈ ಸಲ ಯಾರಿಗೂ ಮಾತು ಕೊಡಂಗಿಲ್ಲವಾ," ಅಂದರು.

ಅವ್ವನ ಆ ಹೊಸ ಖಣವನ್ನು ಹರಿಯುವತನಕ ತೊಟ್ಟೆ. ಹಳೆಯದು ಮಾತ್ರ ಹೊಲಿಗೆ ಬಿಚ್ಚಿದ ಹಾಗೆಯೇ ಕಪಾಟಿನಲ್ಲಿದೆ. ಅದನ್ನಿನ್ನು ಯಾರಿಗಾಗಿಯೂ ಬಿಗಿ ಮಾಡಬೇಕಾಗಿಲ್ಲ.