ದೂರದ ಲೆನ್ಸಿನ ಡಬ್ಬಿ

ವೈನಿ, ಆವತ್ತು ನನಗೆ ಎಲ್ಲವೂ ನೆನಪಿತ್ತು. ನವರಾತ್ರಿಯ ಖಂಡೆ ಪೂಜೆಯ ದಿನ ಅಣ್ಣ ಕೇಳಿದಾಗ "ನನಗ ನೆನಪಿಲ್ಲ" ಅಂದೆನಲ್ಲ, ಅದು ಸುಳ್ಳು. ದೂರದ ಲೆನ್ಸಿಗೆ ಬೂಷ್ಟು ಹಿಡಿದದ್ದು ನಿಮ್ಮ ಅಡುಗೆಮನೆಯ ಹಬೆಯಿಂದಲ್ಲ. ನೀವು ಹರಳುಗಳನ್ನು ಸರಿಯಾಗಿ ಹುರಿಯದೆ ಇಟ್ಟದ್ದರಿಂದಲೂ ಅಲ್ಲ. ನನ್ನಿಂದ.

ಇಷ್ಟು ಬರೆಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಮುಂದಿನದರಲ್ಲಿ ನಿಮಗೆ ಗೊತ್ತಿರುವುದೇ ಬಹಳ. ಆದರೂ ಮೊದಲಿನಿಂದ ಬರೆಯುತ್ತೇನೆ. ಹಾಗೆ ಬರೆಯದಿದ್ದರೆ ನಡುವೆ ಎಲ್ಲಾದರೂ ನುಸುಳಿಕೊಂಡು ಹೋಗಿಬಿಡುತ್ತೇನೆ ಎಂಬ ಹೆದರಿಕೆ — ನನ್ನ ಬಗ್ಗೆಯೇ.

ನಾನು ಧಾರವಾಡದಿಂದ ಎಂ.ಎ. ಓದಲು ಬಂದು ನಿಮ್ಮ ಡೊಂಬಿವಲಿಯ ಮನೆಯಲ್ಲಿ ಇಳಿದೆ. ಒಂದು ಕೋಣೆ, ಒಂದು ಅಡುಗೆಮನೆ. ಅಣ್ಣನ ಜೊತೆ ನಿಮ್ಮ ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ; ಇದ್ದ ಒಂದು ಕೋಣೆಯಲ್ಲಿ ಕಿಟಕಿಯ ಪಕ್ಕದ ಮೂಲೆಯನ್ನು ನನಗೆ ಬಿಟ್ಟುಕೊಟ್ಟಿರಿ. ಅದು ಎಷ್ಟು ದೊಡ್ಡ ಕೊಡುಗೆ ಎಂದು ಆಗ ತಿಳಿಯಲಿಲ್ಲ. ಅಣ್ಣ ವಾರವಿಡೀ ಠಾಣೆಯ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದ; ಮುಹೂರ್ತದ ದಿನಗಳಲ್ಲಿ ಕಲ್ಯಾಣ, ಠಾಣೆ, ಕಳವಾ ಊರುಗಳಲ್ಲಿದ್ದ ನಮ್ಮ ಜನರ ಮದುವೆಗಳಿಗೆ ಹೋಗಿ ಫೋಟೋ ತೆಗೆಯುತ್ತಿದ್ದ. ಒಂದು ಕ್ಯಾಮೆರಾ, ಒಂದು ಗಿಡ್ಡ ಲೆನ್ಸು, ದೂರದ್ದನ್ನು ತೆಗೆಯಲು ಒಂದು ಉದ್ದನೆಯದು, ಫ್ಲ್ಯಾಶ್, ಮೂರು ಫಿಲ್ಟರು, ಒಂದು ಸ್ಟ್ಯಾಂಡು. ಆ ಮನೆಯಲ್ಲಿ ನಮ್ಮ ಮೂವರಿಗೇ ಜಾಗವಿರಲಿಲ್ಲ. ಇವುಗಳಿಗೆ ಜಾಗ ಹುಡುಕಿದವರು ನೀವು.

ಅಣ್ಣ ಎಲ್ಲವನ್ನೂ ಆ ಕೋಣೆಯ ಕಪಾಟಿನಲ್ಲಿ ಇಡುತ್ತಿದ್ದ. ಮೊದಲ ಮಳೆಗಾಲದಲ್ಲೇ ಪಡುವಣ ಗೋಡೆ ಬೆವರುವುದನ್ನು ನೀವು ನೋಡಿದಿರಿ. ನನ್ನ ಪುಸ್ತಕಗಳ ಬೆನ್ನಿನ ಮೇಲೆ ಬಿಳಿ ಪುಡಿ ಕಾಣಿಸಿಕೊಂಡಾಗ, "ಕಾಗದಕ್ಕೆ ಹಿಡಿದದ್ದು ಗಾಜಿಗೆ ಹಿಡೀಲಿಕ್ಕೆ ಎಷ್ಟು ದಿನ?" ಎಂದಿರಿ. ಒಲೆಯಿಂದ ದೂರದ, ಯಾವಾಗಲೂ ಬೆಚ್ಚಗಿರುವ ಒಳಗೋಡೆಯ ಹಲಗೆಯ ಮೇಲೆ ಸ್ಟೀಲಿನ ಡಬ್ಬಿಗಳು ಬಂದವು. ಹಪ್ಪಳ, ಅವಲಕ್ಕಿ ಇಡುವ ಬಿಗಿಮುಚ್ಚಳದ ಡಬ್ಬಿಗಳೇ. ಅಣ್ಣನಿಗೆ ಅದು ಸರಿಬರಲಿಲ್ಲ.

"ಅಡಗಿ ಮನ್ಯಾಗ ಲೆನ್ಸ್ ಇಡತಾರೇನ? ಹಬಿ ಹೊಡದು ಸತ್ತು ಹೋಗತದ."

"ನಿಮ್ಮ ಕಪಾಟಿನಾಗ ಇಟ್ಟರ ಥಂಡಿ ಹೊಡದು ಸಾಯತದ. ಯಾವ ಸಾವು ಬೇಕು ಆರಿಸ್ಕೋರಿ."

ಅಣ್ಣ ನಕ್ಕು ಸೋತ. ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೇಳಿ ಒಂದು ಶೀಶೆ ತುಂಬ ಸಿಲಿಕಾ ಜೆಲ್ ಹರಳು ತಂದುಕೊಟ್ಟ. ಒಣಗಿದ್ದರೆ ನೀಲಿ, ತೇವ ಕುಡಿದರೆ ಗುಲಾಬಿ. ಹುರಿದರೆ ಮತ್ತೆ ನೀಲಿ. ನೀವು ತೆಳು ಮಲ್‌ಮಲ್ ಬಟ್ಟೆಯಲ್ಲಿ ಪುಟ್ಟ ಚೀಲಗಳನ್ನು ಹೊಲಿದಿರಿ, ಬಣ್ಣ ಹೊರಗೇ ಕಾಣುವಂತೆ. ಹಿಡಿಕೆ ಮುರಿದ ಹಳೆಯ ಹಂಚೊಂದನ್ನು ಇದಕ್ಕೇ ಎಂದು ಬೇರೆ ಇಟ್ಟಿರಿ. ಅಣ್ಣ ಮದುವೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಒಂದೊಂದನ್ನೇ ಹೇಳಿ ಕೈಗಿಡುತ್ತಿದ್ದಿರಿ. ಬಂದಾಗ ಒರೆಸಿ, ಗಾಳಿಗಿಟ್ಟು, ಒಳಗಿಡುತ್ತಿದ್ದಿರಿ. ಏಳನೆಯ ಇಯತ್ತೆಯವರೆಗಷ್ಟೇ ಶಾಲೆ ಕಲಿತ ನೀವು ಒಂದೇ ವರ್ಷದಲ್ಲಿ ಅಣ್ಣನಿಗಿಂತ ಚೆನ್ನಾಗಿ ಆ ಸಾಮಾನುಗಳನ್ನು ಅರಿತಿರಿ.

ಅದಕ್ಕೇ ಅಣ್ಣ ಆ ಮಾತು ಕೊಟ್ಟದ್ದು. ಗಂಡಸಾಗಿ ಅವನು ಮದುಮಗಳ ಕೋಣೆಯೊಳಗೆ ಹೋಗುವಂತಿರಲಿಲ್ಲ. ಅಲ್ಲಿಯ ಫೋಟೋ ಎಲ್ಲರಿಗೂ ಬೇಕಿತ್ತು. "ತುಳಸಿ ಲಗ್ನ ಆದ ಮ್ಯಾಲೆ ನೀನೂ ನನ್ನ ಜೋಡಿ ಬಾ. ಹೆಣ್ಣಿನ ಕಡೀ ಕೆಲಸ ನಿಂದು" ಎಂದಿದ್ದ. ಆ ಬೇಸಿಗೆಯ ಭಾನುವಾರಗಳಲ್ಲಿ ನೀವು ಕಟ್ಟಡದ ಗಚ್ಚಿಯ ಮೇಲೆ, ರೀಲೇ ಇಲ್ಲದ ಕ್ಯಾಮೆರಾಕ್ಕೆ ಉದ್ದನೆಯ ಲೆನ್ಸ್ ಹಾಕಿ, ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದಿರಿ. "ಏ ಶ್ರೀಪಾದ, ಆ ಬಿಲ್ಡಿಂಗಿನಾಕಿ ಹಪ್ಪಳ ಒಣಸಲಿಕ್ಕೆ ಹತ್ಯಾಳ — ಆಕಿ ಮೂಗಬಟ್ಟು ಕಾಣಸ್ತದೋ!" ನಿಮ್ಮ ಆ ಕೂಗು ನನ್ನ ಕಿವಿಯಲ್ಲಿದೆ. ನೆನಪನ್ನು ನಾನು ಸುಲಭವಾಗಿ ನಂಬುವುದಿಲ್ಲ, ಆದರೆ ಇದನ್ನು ನಂಬುತ್ತೇನೆ.

ಆಷಾಢ ಏಕಾದಶಿ ಬಂತು. ದೇವರು ಮಲಗಿದ ಮೇಲೆ ನಾಲ್ಕು ತಿಂಗಳು, ತುಳಸಿ ಲಗ್ನದವರೆಗೆ, ಮದುವೆಗಳಿಲ್ಲ. ಕ್ಯಾಮೆರಾ ಮತ್ತು ಗಿಡ್ಡ ಲೆನ್ಸು ಸಣ್ಣಪುಟ್ಟ ಕೆಲಸಕ್ಕೆಂದು ಹೊರಗುಳಿದವು. ಉದ್ದನೆಯದನ್ನು ಮಲಗಿಸುವುದು ನೀವೇ ಮಾಡಿಕೊಂಡ ಪದ್ಧತಿ. ಹಂಚಿನ ಮೇಲೆ ಹರಳು ಹುರಿಯುತ್ತ ನನ್ನನ್ನು ಕರೆದಿರಿ.

"ನೋಡು, ನವಲಿನ ಕುತಗಿ ಬಣ್ಣ ಬಂತೋ ಇಲ್ಲೋ? ನೀ ಸಾಕ್ಷಿ ಮತ್ತ. ನಿಮ್ಮಣ್ಣಗ ನನ್ನ ಕಣ್ಣಿನ ಮ್ಯಾಲೆ ಭರೋಸಾ ಇಲ್ಲ."

"ಬಂತು ವೈನಿ. ಪೂರಾ ನೀಲಿ."

ಹೌದು, ನಾನು ಹಾಗೆ ಹೇಳಿದೆ. ನೀವು ಚೀಲವನ್ನೂ ಚರ್ಮದ ಕವಚದಲ್ಲಿದ್ದ ಲೆನ್ಸನ್ನೂ ಡಬ್ಬಿಗೆ ಹಾಕಿ, ಮುಚ್ಚಳದ ಸುತ್ತ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನು ಸುತ್ತಿದಿರಿ. ಇನ್ನು ಖಂಡೆ ಪೂಜೆಯವರೆಗೆ ಅದನ್ನು ತೆರೆಯುವಂತಿಲ್ಲ.

ಒಂದು ವಾರದ ನಂತರ ನಾನು ತೆರೆದೆ.

ನೀವು ಕಲ್ಯಾಣದಲ್ಲಿ ಯಾರದೋ ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಹೋಗಿದ್ದಿರಿ. ಅಣ್ಣ ಕಾರ್ಖಾನೆಗೆ. ಯಾಕೆ ತೆಗೆದೆ — ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮಳೆಯಲ್ಲಿ ಕಳವಾ ಊರಿನ ಖಾಡಿಯ, ಆ ಸಮುದ್ರದ ಹಿನ್ನೀರಿನ, ಚಿತ್ರ ಬೇಕಿತ್ತು ಎನ್ನುವುದು ನಿಜ. ಅದರ ಕೆಳಗಿನ ನಿಜ ಬೇರೆ. ಅಣ್ಣ ತೆಗೆಯುವುದು ಅಕ್ಷತೆ, ಆರತಿ, ಊಟದ ಪಂಕ್ತಿ. ನಾನು ಓದಿದವ, ನಾನು ತೆಗೆಯುವುದು ಕಲೆಯಾಗುತ್ತದೆ ಎಂದುಕೊಂಡಿದ್ದೆ. ನಿಮ್ಮಿಬ್ಬರ ಅನ್ನ ತಿನ್ನುತ್ತ ಹಾಗೆ ಎಣಿಸಿದ್ದೆ.

ಖಾಡಿಯ ದಂಡೆಯಲ್ಲಿ ಗಾಳಿ ಕೊಡೆಯನ್ನು ಮಗುಚಿಹಾಕಿತು. ಕ್ಯಾಮೆರಾವನ್ನು ಅಂಗಿಯೊಳಗೆ ತೂರಿಸಿದೆ. ಲೆನ್ಸು ತೊಯ್ದಿತು, ಹೆಗಲಿಗೆ ತೂಗಿದ್ದ ಚರ್ಮದ ಕವಚವೂ ತೊಯ್ದಿತು. ಮನೆಗೆ ಬಂದು ಕರವಸ್ತ್ರದಿಂದ ಒರೆಸಿದೆ. ಮೇಲೆ ನೋಡಲು ಒಣಗಿದಂತಿತ್ತು. ಡಬ್ಬಿ ತೆರೆದೇ ಬಿಟ್ಟು ಹೋಗಿದ್ದೆ — ಚೀಲದ ನೀಲಿ ಆಗಲೇ ಮಾಸಿ ಅಂಚಿನಲ್ಲಿ ಗುಲಾಬಿ ಇಣುಕುತ್ತಿತ್ತು. ನೋಡಿದೆ. ಇದನ್ನು ಒತ್ತಿ ಬರೆಯುತ್ತೇನೆ: ನಾನು ಅದನ್ನು ನೋಡಿದೆ.

ನೀವು ಬರಲು ಎರಡು ತಾಸು ಇತ್ತು. ಹಂಚು ಅಲ್ಲೇ ಇತ್ತು. ಕವಚವನ್ನು ಹೊರಗಿಟ್ಟು ಹರಳು ಹುರಿದಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಹುರಿಯಲಿಲ್ಲ. ಹೆದರಿಕೆಯಿಂದಲ್ಲ, ಆತುರದಿಂದಲೂ ಅಲ್ಲ. ನೀವು ಭಾನುವಾರ ಭಾನುವಾರ ಒಲೆಯ ಮುಂದೆ ಕೂತು ಹರಳು ಹುರಿಯುವುದು ನನಗೆ ಮಡಿ-ಮೈಲಿಗೆಯ ಇನ್ನೊಂದು ರೂಪದಂತೆ ಕಾಣುತ್ತಿತ್ತು — ಹೆಂಗಸರು ಮಾಡಿಕೊಳ್ಳುವ ಒಂದು ಶಾಸ್ತ್ರ, ಬಿಟ್ಟರೂ ಏನೂ ಆಗದು ಎಂಬಂತೆ. ಮನೆಯಲ್ಲಿ ನಡೆಯುತ್ತಿದ್ದ ಒಂದೇ ಒಂದು ವಿಜ್ಞಾನದ ಕೆಲಸವನ್ನು ವಿಶ್ವವಿದ್ಯಾಲಯದವನು ಮೂಢನಂಬಿಕೆ ಎಂದುಕೊಂಡ. ಲೆನ್ಸಿದ್ದ ಒದ್ದೆ ಕವಚವನ್ನೂ ಮಾಸಿದ ಚೀಲವನ್ನೂ ಡಬ್ಬಿಯೊಳಗೆ ಹಾಕಿ ಪಟ್ಟಿ ಅಂಟಿಸಿ, ಓದಲು ಕೂತೆ.

ಆಗಲೂ ಡೈರಿ ಬರೆಯುತ್ತಿದ್ದೆ. ಮೊನ್ನೆ ಹುಡುಕಿ ತೆಗೆದೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಮಳೆ. ಇಡೀ ದಿನ ಓದು." ಯಾರೂ ನೋಡದ ಪುಟದಲ್ಲೂ ನಾನು ಖಾಡಿಗೆ ಹೋಗಿಲ್ಲ.

ಖಂಡೆ ಪೂಜೆಯ ಬೆಳಿಗ್ಗೆ ನೀವು ಎಲ್ಲವನ್ನೂ ದೇವರ ಮುಂದೆ ಹರಡಿದ್ದಿರಿ. ಕೆಳಗಿನ ಮನೆಯ ರಾಯರು, ಉಡುಪಿ ಕಡೆಯವರು, ಪ್ರಸಾದಕ್ಕೆಂದು ಬಂದು ಕೂತಿದ್ದರು. ಡಬ್ಬಿಯನ್ನು ನೀವೇ ಹಲಗೆಯಿಂದ ಇಳಿಸಿದಿರಿ. ಪಟ್ಟಿಯ ಮೇಲೆ ನಿಮ್ಮ ಬೆರಳು ಸರಿಯುತ್ತ ಹೋಗಿ ಒಂದು ಕಡೆ ನಿಂತಿತು — ನಿಂತಿತೇ? ಅಥವಾ ಆಮೇಲೆ ಗೊತ್ತಾದದ್ದನ್ನು ನಾನು ಈಗ ಆ ಬೆರಳಿಗೆ ಸೇರಿಸುತ್ತಿದ್ದೇನೆಯೇ? ತಿಳಿಯದು. ಅಣ್ಣ ಲೆನ್ಸ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಒಳಗಾಜಿನ ಮೇಲೆ ಬಿಳಿಯ ಎಳೆಗಳು, ಕವಲೊಡೆದ ಬೇರುಗಳ ಹಾಗೆ.

"ಎಂತ ಮಾರಾಯ್ರೆ ಇದು, ಜೇಡ ಒಳಗೆ ಹೋಗಿ ಸಂಸಾರ ಮಾಡಿದೆಯಲ್ಲ!" ಎಂದರು ರಾಯರು. ಯಾರೂ ನಗಲಿಲ್ಲ.

ಅಣ್ಣ ಚೀಲ ಎತ್ತಿ ತೋರಿಸಿದ. ಪೂರ್ತಿ ಗುಲಾಬಿ. "ಹಸೀ ಹರಳ ಹಾಕಿ ಮುಚ್ಚಿಟ್ಟೀಯಲ್ಲ. ಹುರದೇ ಇಲ್ಲ ನೀ."

"ಹುರದೀನ್ರೀ. ನೀಲಿ ಆಗೂ ತನಕ ಹುರದೀನಿ." ನಿಮ್ಮ ದನಿ ಏರಲಿಲ್ಲ. "ಶ್ರೀಪಾದ ಬಾಜೂಕ ನಿಂತಿದ್ದ. ಅವನ್ನ ಕೇಳ್ರಿ."

ಅಣ್ಣ ನನ್ನ ಕಡೆ ತಿರುಗಿದ. ನೀವೂ. ನಾನು ಮಾಡಿದ್ದನ್ನು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ. "ಹೌದು, ನೀಲಿ ಇತ್ತು" ಎಂದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು — ಆಮೇಲೆ ಯಾರು ತೆರೆದರು?

"ನನಗ ನೆನಪಿಲ್ಲ."

ಅಷ್ಟೇ. ಅಣ್ಣ ನಿಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಲೆನ್ಸನ್ನು ಮುಂಬಯಿಯಲ್ಲಿ ತೋರಿಸಿದ. ಬೂಷ್ಟು ಗಾಜಿನ ಲೇಪವನ್ನೇ ತಿಂದಿದೆ, ಇನ್ನೇನೂ ಮಾಡುವಂತಿಲ್ಲ ಎಂದರಂತೆ. ಮರುವಾರ ಎಲ್ಲ ಸಾಮಾನನ್ನೂ ಒಂದು ಟ್ರಂಕಿಗೆ ತುಂಬಿ ಠಾಣೆಯ ಗೆಳೆಯನ ಸ್ಟುಡಿಯೋಕ್ಕೆ ಒಯ್ದ. ತುಳಸಿ ಲಗ್ನವಾಯಿತು, ಮದುವೆಗಳು ಶುರುವಾದವು, ಅವನು ಒಬ್ಬನೇ ಹೋದ. ಕೊಟ್ಟ ಮಾತನ್ನು ಅವನೂ ಎತ್ತಲಿಲ್ಲ, ನೀವೂ ಎತ್ತಲಿಲ್ಲ. ಗಚ್ಚಿಗೆ ಬಟ್ಟೆ ಒಣಹಾಕಲು ಮಾತ್ರ ಹೋಗತೊಡಗಿದಿರಿ.

ಮತ್ತು ನನಗೆ? ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ಚಹಾ ಬಂತು. ಸಕ್ಕರೆ ನನಗೆ ಬೇಕಾದಷ್ಟೇ. ನಿಮ್ಮ ಮುಖದಲ್ಲಿ ಏನಾದರೂ ಬದಲಾಗಿದೆಯೇ ಎಂದು ತಿಂಗಳುಗಟ್ಟಲೆ ಹುಡುಕಿದೆ, ಸಿಗಲಿಲ್ಲ. ಆ ಚಳಿಗಾಲ ನನ್ನ ಟಿಪ್ಪಣಿಗಳು ಹಾಸಿಗೆಯ ಕೆಳಗೆ, ಕಿಟಕಿಯಲ್ಲಿ, ಎಲ್ಲೆಂದರಲ್ಲಿ ಚೆಲ್ಲಿಕೊಂಡಿದ್ದಾಗ, ಒಂದು ಸಂಜೆ ಬಂದು ನೋಡುತ್ತೇನೆ — ಖಾಲಿಯಾಗಿದ್ದ ಡಬ್ಬಿಗಳಲ್ಲಿ ಪರೀಕ್ಷೆಯ ಪತ್ರಿಕೆಗೊಂದರಂತೆ ಜೋಡಿಸಿಟ್ಟಿದ್ದೀರಿ. ಇಂಗ್ಲಿಷ್ ಓದಲು ಬರದೆ, ನನ್ನ ಶಾಯಿಯ ಬಣ್ಣ, ಕಾಗದದ ಅಳತೆ ನೋಡಿಯೇ ವಿಂಗಡಿಸಿದ್ದಿರಿ. ಒಂದೂ ತಪ್ಪಿರಲಿಲ್ಲ. ನಾನು ಮೊದಲ ದರ್ಜೆಯಲ್ಲಿ ತೇರ್ಗಡೆಯಾದೆ. ಆ ದರ್ಜೆಯಿಂದ ಬಂದ ಕೆಲಸ, ಆ ಕೆಲಸದಿಂದ ಬಂದ ಬದುಕು — ಇದೆಲ್ಲ ನಿಮ್ಮ ಕೈಯಿಂದ ಬಂದದ್ದು. ನಾನು ಕ್ಯಾಮೆರಾ ಕಸಿದುಕೊಂಡ ಅದೇ ಕೈ ನನಗಾಗಿ ದುಡಿಯಿತು.

ಕಾಲೇಜಿನಲ್ಲಿ ಕೆಲಸ ಸಿಕ್ಕು ನಾನು ಕಳವಾ ಊರಿನಲ್ಲಿ ಕೋಣೆ ಹಿಡಿದೆ. ಹೊರಡುವ ದಿನ ಚಟ್ನಿಪುಡಿಯ ಡಬ್ಬಿಗೆ ಪಟ್ಟಿ ಸುತ್ತುತ್ತ ನೀವು ಹೇಳಿದಿರಿ: "ಪಟ್ಟಿ ಅಂಟಸೂ ಮುಂದ ತುದಿ ಒಂಚೂರು ಒಳಗ ಮಡಚಬೇಕೋ. ನಾ ಯಾವಾಗ್ಲೂ ಮಡಚತೀನಿ, ತಗೀಲಿಕ್ಕೆ ಸಲೀಸು. ನೀ ಹಂಗ ಚಪ್ಪಟಿ ಅಂಟಸ್ತಿ."

ನಿಮ್ಮೆದುರು ನಾನು ಯಾವತ್ತೂ ಪಟ್ಟಿ ಅಂಟಿಸಿರಲಿಲ್ಲ ವೈನಿ.

ಡಬ್ಬಿಯನ್ನು ಚೀಲಕ್ಕೆ ಹಾಕಿ, "ಹುಷಾರಿ" ಎಂದಿರಿ. ಗಾಡಿಯಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ಅಂದು ಡಬ್ಬಿ ಇಳಿಸುವಾಗಲೇ ನಿಮಗೆ ಗೊತ್ತಿತ್ತು. ಗೊತ್ತಿದ್ದೇ "ಅವನ್ನ ಕೇಳ್ರಿ" ಎಂದಿರಿ. ಸಾಕ್ಷಿಗಾಗಿ ಅಲ್ಲ — ನಾನೇ ಬಾಯಿಬಿಡಲೆಂದು, ನನಗೊಂದು ಅವಕಾಶ ಕೊಟ್ಟಿರಿ. ನಾನದನ್ನು ಬಳಸದೆ ಹೋದಾಗ ನೀವೂ ಸುಮ್ಮನಾದಿರಿ. ಅಣ್ಣ-ತಮ್ಮಂದಿರ ನಡುವೆ ಒಡಕು ಬರಬಾರದೆಂದೇ? ಪರೀಕ್ಷೆ ಹತ್ತಿರವಿತ್ತೆಂದೇ? ನಾನು ಯಾವತ್ತೂ ಕೇಳಲಿಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿತ್ತು.

ನಿಮ್ಮ ಮೌನಕ್ಕೆ ಋಣಿ ಎಂದು ಬರೆದು ಮುಗಿಸಬಹುದಿತ್ತು. ಋಣಿಯೇ, ಸುಳ್ಳಲ್ಲ. ಆದರೆ ಹೋದ ತಿಂಗಳು ಐರೋಲಿಯ ನಿಮ್ಮ ಹೊಸ ಮನೆಯ ವಾಸ್ತುಪೂಜೆಯಲ್ಲಿ ನಿಮ್ಮ ಮಗಳು ತನ್ನ ಕ್ಯಾಮೆರಾವನ್ನು ನಿಮ್ಮ ಮುಂದೆ ಚಾಚಿದಳು. "ಆಯಿ, ತೂ ಕಾಢ್ ನಾ ಫೋಟೋ!" — ಮರಾಠಿಯಲ್ಲಿ, ನೀನೇ ತೆಗೆ ಎಂದು. ನೀವು ಕೈ ನೀಡಿದಿರಿ. ಅಣ್ಣ ಆ ಕಡೆಯಿಂದ ಕೂಗಿದ — ಇಷ್ಟು ವರ್ಷಗಳಲ್ಲಿ ಎಷ್ಟನೆಯ ಸಲವೋ — "ಅಕಿ ಕೈಗೆ ಕೊಡಬ್ಯಾಡವಾ, ಫೋಟೋ ಬದಲಿ ಬೂಷ್ಟು ಬರ್ತದ!" ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನೀಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಂದಕ್ಕೆ ತೆಗೆದುಕೊಂಡಿರಿ.

ನಾನೂ ನಕ್ಕೆ ವೈನಿ. ಅಭ್ಯಾಸದಿಂದ ನಕ್ಕೆ. ಹದಿನಾಲ್ಕು ವರ್ಷ ಆ ಜೋಕಿಗೆ ನಗುತ್ತ ಬಂದಿದ್ದೇನೆ. ಮಗಳಿಗೆ ಅವಳ ತಾಯಿಯ ಬಗ್ಗೆ ಗೊತ್ತಿರುವುದು ಈ ಜೋಕು ಮಾತ್ರ. ಗಚ್ಚಿಯ ಮೇಲೆ ಕಣ್ಣು ಕಿರಿದು ಮಾಡಿ ನಿಂತವರ ಬಗ್ಗೆ ಅವಳಿಗೆ ಯಾರೂ ಹೇಳಿಲ್ಲ.

ಇದನ್ನು ಟಪಾಲಿಗೆ ಹಾಕಿದರೆ ನೀವು ಓದಿ ಮಡಚಿ ಎಲ್ಲೋ ಭದ್ರವಾಗಿ ಇಟ್ಟುಬಿಡುತ್ತೀರಿ, ಅಣ್ಣನಿಗೆ ಕಾಣದ ಹಾಗೆ. ಅದಕ್ಕೇ ಟಪಾಲಿಗೆ ಹಾಕುವುದಿಲ್ಲ. ಈ ಭಾನುವಾರ ಕೈಯಲ್ಲಿ ಹಿಡಿದುಕೊಂಡೇ ಬರುತ್ತೇನೆ. ಅಣ್ಣ ಮನೆಯಲ್ಲಿರುತ್ತಾನೆ, ಮಗಳೂ ಇರುತ್ತಾಳೆ. ಅವರಿಬ್ಬರ ಎದುರು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಅಣ್ಣ ಏನನ್ನಾದರೂ ಅನ್ನಲಿ.

ನಿಮ್ಮಲ್ಲಿ ಬೇಡುವುದು ಒಂದೇ. ನಾನು ಓದಲು ತೊಡಗಿದೊಡನೆ ಚಹಾಕ್ಕಿಡುತ್ತೇನೆಂದು ಎದ್ದು ಹೋಗಬೇಡಿ, "ಅದೆಲ್ಲ ಹಳೇ ಮಾತು, ಬಿಡೋ" ಎಂದು ನನ್ನನ್ನು ನಡುವೆಯೇ ಪಾರುಮಾಡಬೇಡಿ. ಮುಗಿಯುವ ತನಕ ಅಲ್ಲೇ, ಎಲ್ಲರ ಕಣ್ಣೆದುರು, ಕೂತಿರಿ.